ಎಡಗಡೆಯ ಪರದೆ

ಒಂದು ಕಂಪ್ಯೂಟರ್‌ಗೆ ಮೂರು ಪರದೆ ಬೇಕು ಎಂದು ಬಸ್ ಡ್ರೈವರ್ ಗುರುಬಸವರಾಜ್ ಕೇಳಿದಾಗ, ಸುಚಿತ್ರಾ ಬಿಚ್ಚುತ್ತಿದ್ದ ಪ್ರಿಂಟರನ್ನು ಹಾಗೇ ಬಿಟ್ಟು ತಲೆಯೆತ್ತಿದಳು. ಹೊನ್ನಾಳಿ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಅವಳು ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟು ಆರು ವರ್ಷವಾಗಿತ್ತು. ಶಾಯಿ ತುಂಬಿಸಲು ಬಂದವರು, ಕೀಬೋರ್ಡಿನ ಮೇಲೆ ಚಹಾ ಚೆಲ್ಲಿಕೊಂಡು ಬಂದವರು, ಪಹಣಿ ತೆಗೆಸಲು ಬಂದು ಇದು ಆ ಅಂಗಡಿಯಲ್ಲ ಎಂದು ಗೊತ್ತಾದ ಮೇಲೂ ಫ್ಯಾನಿನ ಕೆಳಗೆ ಅರ್ಧ ಗಂಟೆ ಕೂತು ಎದ್ದುಹೋದವರು, ಎಲ್ಲರನ್ನೂ ಕಂಡಿದ್ದಳು. ಮೂರು ಪರದೆ ಮಾತ್ರ ಯಾರೂ ಕೇಳಿರಲಿಲ್ಲ. ಅದೂ ಆಟ ಆಡುವುದಕ್ಕೆ. ಅದೂ ಐವತ್ತೊಂದು ವರ್ಷದ, ಮೊಮ್ಮಗನಿರುವ ಮನುಷ್ಯ.

"ಮುಂದ್ಗಡೆ ಗಾಜಿಗೊಂದು, ಬಲಗಡೆ ಕಿಟಕಿಗೊಂದು, ಎಡಗಡೆಗೊಂದು," ಎಂದ ಗುರುಬಸವರಾಜ್, ಗಾಳಿಯಲ್ಲಿ ಕೈಯಾಡಿಸಿ ಬಸ್ಸಿನ ಮೂತಿ ಬರೆದು ತೋರಿಸುತ್ತ. "ಒಂದೇ ಪರದೆಯಾಗೆ ಬಸ್ ಓಡ್ಸಾಕೆ ಅದೇನು ಮೊಬೈಲಾ?"

ಗುರುಬಸವರಾಜ್ ಅಂದರೆ ಆ ದಾರಿಯಲ್ಲಿ ಗೊತ್ತಿಲ್ಲದವರಿಲ್ಲ. ಹೊನ್ನಾಳಿಯಿಂದ ನ್ಯಾಮತಿ, ಸವಳಂಗದ ಮೇಲೆ ಶಿವಮೊಗ್ಗಕ್ಕೆ ಹೋಗಿ ಬರುವ ಖಾಸಗಿ ಬಸ್ಸಿನ ಸೀಟಿನಲ್ಲಿ ಇಪ್ಪತ್ತಾರು ವರ್ಷದಿಂದ ಕೂತವನು. ಒಂದು ಅಪಘಾತವಿಲ್ಲ, ಒಂದು ಪೊಲೀಸ್ ಕೇಸಿಲ್ಲ. ಅದನ್ನು ಅವನು ಹೇಳಿಕೊಳ್ಳಬೇಕಾಗಿಯೂ ಇರಲಿಲ್ಲ, ಕಂಡಕ್ಟರ್ ಮಾರುತೇಶ್ ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದ. ಇಬ್ಬರದೂ ಹದಿನೆಂಟು ವರ್ಷದ ಜೋಡಿ. ಮಾಲೀಕರು ಖರ್ಚು ಜಾಸ್ತಿಯಾಯಿತೆಂದು ಕ್ಲೀನರನ್ನು ತೆಗೆದಮೇಲೆ ಮಾರುತೇಶನೇ ಟಿಕೆಟ್ ಹರಿದು ಮುಗಿಸಿ ಮುಂಬಾಗಿಲ ಮೆಟ್ಟಿಲ ಮೇಲೆ ನಿಲ್ಲುತ್ತಿದ್ದ. ಬಸ್ಸಿನ ತಗಡಿಗೆ ಎರಡೇಟು ಬಡಿದರೆ ಹೊರಡು. ಒಂದೇ ಏಟು ಬಿದ್ದರೆ ನಿಲ್ಲಿಸು. ಬಿಡದೆ ತಟ್ಟುತ್ತಲೇ ಇದ್ದರೆ ಎಡಗಡೆ ಯಾರೋ ಇದ್ದಾರೆ, ಬಲಕ್ಕೆ ಎಳೆದುಕೋ. ಈ ಕಡೆಯ ಬಸ್ಸುಗಳಲ್ಲಿ ಎಡಮಗ್ಗುಲು ಯಾವತ್ತಿದ್ದರೂ ಬಾಗಿಲಲ್ಲಿ ನಿಂತವನದೇ ಜವಾಬ್ದಾರಿ, ಡ್ರೈವರ್ ಕಿವಿ ಕೊಟ್ಟರೆ ಸಾಕು.

ಆಟದ ಹುಚ್ಚು ಹಿಡಿಸಿದ್ದು ಒಂದು ಮೊಬೈಲು. ನ್ಯಾಮತಿಯಿಂದ ಕಾಲೇಜಿಗೆ ಹೋಗುವವನೊಬ್ಬ ಇಂಜಿನ್ ಬಾನೆಟ್ಟಿನ ಮೇಲೆ ಕೂತು ಬಸ್ ಓಡಿಸುವ ಆಟ ಆಡುತ್ತಿದ್ದ. ಹಿಮದ ಬೆಟ್ಟ, ಒಂದು ಕಡೆ ಪ್ರಪಾತ, ಬಸ್ಸು ಏರುತ್ತಿದೆ. ಗುರುಬಸವರಾಜನ ಎದೆ ಧಸಕ್ಕೆಂದಿತ್ತು. ಇಪ್ಪತ್ತಾರು ವರ್ಷ ಸ್ಟೇರಿಂಗ್ ತಿರುಗಿಸಿದ್ದೇನೆ, ಒಂದೇ ರಸ್ತೆ ಬಿಟ್ಟು ಬೇರೆ ರಸ್ತೆ ಕಾಣಲಿಲ್ಲವಲ್ಲ ಎಂದು ಅವತ್ತು ಹೆಂಡತಿ ಸುಧಾಳ ಮುಂದೆ ಗೋಳಾಡಿದನಂತೆ. ಸಂಕ್ರಾಂತಿಯ ಹೊತ್ತಿಗೆ ವಿಮೆಯ ಹಣ ಕೈಗೆ ಬಂತು. ಸುಧಾ ಅರ್ಧ ಕಿತ್ತುಕೊಂಡು ಬಳೆ ಮಾಡಿಸಿಕೊಂಡಳು, ಉಳಿದರ್ಧವನ್ನು ಬೇಕಾದ ಹಾಗೆ ಹಾಳುಮಾಡಿಕೊಳ್ಳಿ ಎಂದಳು. ಆ ಉಳಿದರ್ಧ ಎಂಬತ್ತು ಸಾವಿರ. ಅಷ್ಟರಲ್ಲಿ ಕಂಪ್ಯೂಟರ್, ಮೂರು ಪರದೆ, ಕ್ಲಚ್ ಗೇರ್ ಇರುವ ಸ್ಟೇರಿಂಗ್, ಎಲ್ಲವೂ ಆಗಬೇಕಿತ್ತು.

ಹೊಸ ಸಾಮಾನುಗಳ ರೇಟು ಹಿಡಿದು ಲೆಕ್ಕ ಹಾಕಿದಾಗ ಸುಚಿತ್ರಾಗೆ ತಲೆ ಸುತ್ತಿತು. ಒಂದು ಲಕ್ಷದ ಅರವತ್ತು ಸಾವಿರ. ಅದರಲ್ಲೂ ರ್‍ಯಾಮ್ ರೇಟು ನೋಡಿ ಅವಳು ಕಣ್ಣುಜ್ಜಿಕೊಂಡಳು. ದಸರಾದಲ್ಲಿ ತಾನೇ ಕೊಂಡಿದ್ದ ಅದೇ ತುಂಡು ಈಗ ಮೂರು ಪಟ್ಟಾಗಿತ್ತು. ಅಂಗಡಿಯವನಿಗೆ ಫೋನು ಮಾಡಿ, ರೇಟು ತಪ್ಪಿ ಬಿದ್ದಿರಬೇಕು ನೋಡಿ ಎಂದರೆ, ನಾಳೆ ಇನ್ನೂ ಏರುತ್ತದೆ ಎಂಬ ಉತ್ತರ ಬಂತು. ಬೇರೆ ಯಾರಾದರೂ ಆಗಿದ್ದರೆ ಆಗುವುದಿಲ್ಲ ಎಂದು ಕೈತೊಳೆದುಕೊಳ್ಳುತ್ತಿದ್ದರು. ಸುಚಿತ್ರಾ ಹಾಗಲ್ಲ. ಹೆಣ್ಣು ನಡೆಸುವ ಕಂಪ್ಯೂಟರ್ ಅಂಗಡಿಗೆ ಬಂದು "ಅಂಗಡಿಯವ್ರು ಇಲ್ವಾ?" ಎಂದು ಕೇಳುವ ಊರಿನಲ್ಲಿ, ಇಂಥದ್ದೊಂದು ಮಿಷನ್ ಕಟ್ಟಿ ನಿಲ್ಲಿಸಿದರೆ ಇನ್ನು ಆ ಪ್ರಶ್ನೆ ಬರುವುದಿಲ್ಲ ಎಂಬ ಆಸೆ ಅವಳಿಗೆ ಹುಟ್ಟಿಬಿಟ್ಟಿತು.

ಅವಳು ಜಗಳೂರಿನವಳು. ಅಪ್ಪ ಜುಂಜಪ್ಪ ಕುರಿ ವ್ಯಾಪಾರಿ. ಸಂತೆಯಲ್ಲಿ ಕುರಿಯ ಹಲ್ಲು ನೋಡಿ, ಬೆನ್ನು ಒತ್ತಿ, ಅಷ್ಟಕ್ಕೇ ಬಿಡದೆ ಎರಡು ಸುತ್ತು ಓಡಿಸಿ ಉಸಿರು ಹೇಗಿದೆ ಎಂದು ಕೇಳಿಸಿಕೊಂಡು ಕೊಳ್ಳುವವನು. ಹಳೆಯ ಸಾಮಾನನ್ನು ಕೊಳ್ಳುವುದೆಂದರೆ ಸುಚಿತ್ರಾಗೂ ಅದೇ ಕ್ರಮ. ನ್ಯಾಮತಿಯಲ್ಲಿ ಬಾಗಿಲು ಹಾಕಿದ್ದ ಒಂದು ಟೈಪಿಂಗ್ ತರಗತಿಯಿಂದ ಒಂದೇ ಅಳತೆಯ ಮೂರು ಪರದೆ ತಂದಳು. ಶಿವಮೊಗ್ಗದ ಹಾಸ್ಟೆಲ್ಲಿನವನೊಬ್ಬನಿಂದ ಸ್ಟೇರಿಂಗ್ ಕೊಂಡಳು. ದುಬಾರಿ ಸಾಮಾನು ಅಂದರೆ ಗ್ರಾಫಿಕ್ಸ್ ಕಾರ್ಡು, ಪರದೆಗಳಿಗೆ ಚಿತ್ರ ಕಳಿಸುವುದೇ ಅದು. ಮೊದಲು ಸಿಕ್ಕ ಅಗ್ಗದ ಕಾರ್ಡಿಗೆ ಎರಡೇ ಪರದೆಯ ಕಿಂಡಿಯಿತ್ತು, ಬಿಟ್ಟಳು. ಚನ್ನಗಿರಿಯಲ್ಲಿ ಮುಚ್ಚಿದ ಗೇಮ್ ಸೆಂಟರಿನಲ್ಲಿ ಇನ್ನೊಂದು ಇದೆಯೆಂದು ತಿಳಿದು ಬಸ್ ಹತ್ತಿ ಹೋಗಿ, ಮೂರು ಗಂಟೆ ಓಡಿಸಿ, ಬೆನ್ನಿಗೆ ಕೈಯಿಟ್ಟು ಕಾವು ನೋಡಿ, ಫ್ಯಾನಿನ ಸದ್ದಿಗೆ ಕಿವಿಗೊಟ್ಟು ತಂದಳು.

ಗುರುಬಸವರಾಜ್ ಎರಡು ದಿನ ಡ್ಯೂಟಿ ಮಾಡಿ ಮೂರನೆಯ ದಿನ ರಜೆಯಿದ್ದಾಗಲೆಲ್ಲ ಅಂಗಡಿಗೆ ಬಂದು ಕೂರುತ್ತಿದ್ದ. ವಿದ್ಯುತ್ ಕೊಡುವ ಡಬ್ಬ ಮಾತ್ರ ಹೊಸದೇ ಬೇಕು, ಹೊನ್ನಾಳಿಯ ಕರೆಂಟನ್ನು ನಂಬುವ ಹಾಗಿಲ್ಲ, ಅದರ ಬದಲು ಹೊರಗಿನ ಪೆಟ್ಟಿಗೆಯಲ್ಲಿ ದುಡ್ಡು ಉಳಿಸೋಣ, ಬಣ್ಣದ ದೀಪ ಬೇಡ ಎಂದು ಅವಳು ಹೇಳಿದರೆ ಅವನಿಗೆ ಥಟ್ಟನೆ ಅರ್ಥವಾಗುತ್ತಿತ್ತು.

"ಅಷ್ಟೇ ಕಣವ್ವ. ಚಾಸಿ, ಇಂಜಿನ್ ಗಟ್ಟಿ ಇರ್ಬೇಕು. ಬಾಡಿ ಆಮೇಲೂ ಕಟ್ಟಿಸ್ಬಹುದು."

ಹಳೆಯ ಕಾರ್ಡು ಎಂದಾಗ ಮಾತ್ರ ಅವನ ಮುಖ ಸಣ್ಣದಾಯಿತು. ಯಾರೋ ಉಜ್ಜಿ ಬಿಟ್ಟ ಇಂಜಿನ್ ತಂದು ಕೂರಿಸಿದರೆ ಗತಿಯೇನು ಎಂದ. ಸುಚಿತ್ರಾಗೆ ರೋಷ ಬಂತು. ಮೂರೂ ಪರದೆ ನೀವು ಹೇಳಿದ ಹಾಗೆ ಓಡದಿದ್ದರೆ ಒಂದು ಪೈಸೆ ಮುರಿದುಕೊಳ್ಳದೆ ಎಂಬತ್ತು ಸಾವಿರವನ್ನೂ ವಾಪಸು ಕೊಡುತ್ತೇನೆ ಎಂದು, ಪಕ್ಕದ ಜೆರಾಕ್ಸ್ ಅಂಗಡಿಯವರಿಗೂ ಕೇಳುವಂತೆ ಹೇಳಿಬಿಟ್ಟಳು. ಹೇಳಿದ ಮೇಲೆ ಅವಳಿಗೆ ಲೆಕ್ಕ ಹೊಳೆಯಿತು. ಅಷ್ಟು ಹಣ ವಾಪಸು ಕೊಡುವುದೆಂದರೆ ಅಂಗಡಿಗೆ ಬೀಗ ಹಾಕಿ ಜಗಳೂರಿನ ಬಸ್ ಹತ್ತುವುದು ಎಂದೇ ಅರ್ಥ.

ಮಿಷನ್ ಕೂರಿಸಿದ ದಿನ ಗುರುಬಸವರಾಜನ ನಡುಮನೆಯಲ್ಲಿ ಸಣ್ಣ ಪೂಜೆಯೇ ನಡೆಯಿತು. ಸ್ಟೇರಿಂಗಿಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದ. ನಡುವಿನ ಪರದೆಯ ಚೌಕಟ್ಟಿಗೆ ವಿಭೂತಿ ಹಚ್ಚಿದ. ಪೆಟ್ಟಿಗೆಯ ಮುಂದೆ ಧೂಪ ಹಾಕಹೋದಾಗ ಸುಚಿತ್ರಾ ಹೌಹಾರಿ ಕೈಹಿಡಿದು ತಡೆದಳು, ಹೊಗೆಯೆಲ್ಲ ಫ್ಯಾನು ಎಳೆದುಕೊಳ್ಳುತ್ತದೆ ಎಂದು. ಆಮೇಲೆ ಮೂರೂ ಪರದೆ ಒಟ್ಟಿಗೆ ಬೆಳಗಿದವು. ಹಿಮದ ಬೆಟ್ಟ ನಡುಮನೆಯನ್ನೆಲ್ಲ ತುಂಬಿಕೊಂಡಿತು. ಬಾಗಿಲಲ್ಲಿ ಬಂದು ನಿಂತಿದ್ದ ಮಾರುತೇಶ್ ಬಾಯಿ ತೆರೆದವನು ಮುಚ್ಚಲಿಲ್ಲ. ಸುಧಾ ಕುರ್ಚಿಯ ಬೆನ್ನು ಹಿಡಿದುಕೊಂಡಳು, ಪ್ರಪಾತ ನೋಡಿ ಕಾಲು ಜುಮ್ಮೆಂದಿತಂತೆ. ಗುರುಬಸವರಾಜ್ ಸುಮ್ಮನೆ ಗೇರ್ ಬದಲಿಸಿ ಏರಿ ಹೋದ. ಅವನ ಕಣ್ಣಲ್ಲಿ ನೀರಿತ್ತು.

ನಾಲ್ಕನೆಯ ದಿನ ಫೋನು ಬಂತು.

ಎಡಗಡೆಯ ಪರದೆ ತಡವಾಗಿ ಬರುತ್ತಿದೆ ಎಂದ. ಬಲಗಡೆಯದು ಸರಿಯಿದೆ, ನಡುವಿನದು ಸರಿಯಿದೆ, ಎಡಗಡೆಯಿಂದ ಮಾತ್ರ ಬೈಕು, ದನ, ಮನುಷ್ಯರು ಇದ್ದಕ್ಕಿದ್ದ ಹಾಗೆ ಬಸ್ಸಿನ ಮುಂದೆಯೇ ಉದುರುತ್ತಾರೆ, ಊರಿಗೊಂದು ಸಲ ಎಡಕ್ಕೆ ಗುದ್ದುತ್ತಿದ್ದೇನೆ ಎಂದ. ಸುಚಿತ್ರಾಗೆ ಮೊದಲು ನೆನಪಾಗಿದ್ದು ಚನ್ನಗಿರಿಯ ಕಾರ್ಡು. ಉಸಿರು ಕೇಳಿಸಿಕೊಂಡು ತಂದ ಕುರಿ ಮನೆಗೆ ಬಂದು ಕೆಮ್ಮಿತೇ ಎಂದುಕೊಂಡಳು. ಹೋಗಿ ನೋಡಿದಳು. ತಾನೇ ಕೂತು ಓಡಿಸಿದಳು. ಎಡಗಡೆ ಎಲ್ಲ ಸರಿಯಾಗಿಯೇ ಬರುತ್ತಿತ್ತು. ಗುರುಬಸವರಾಜ್ ಕೂತ, ಮೊದಲ ತಿರುವಿನಲ್ಲೇ ಎಡಗಡೆ ನಿಂತಿದ್ದ ಲಾರಿಗೆ ಗುದ್ದಿದ. ನೀನು ಮೆಲ್ಲಗೆ ಓಡಿಸುತ್ತೀಯ, ಅದಕ್ಕೆ ನಿನಗೆ ಗೊತ್ತಾಗುವುದಿಲ್ಲ ಎಂದ.

ಅವಳಿಗೂ ಹೌದೇನೋ ಅನ್ನಿಸಿತು. ಎಡಗಡೆಯ ತಂತಿ ಬದಲಿಸಿದಳು. ಕಾರ್ಡಿನ ಕಿಂಡಿ ಬದಲಿಸಿದಳು. ಚಿತ್ರದ ಗುಣಮಟ್ಟ ತಗ್ಗಿಸಿ ಭಾರ ಇಳಿಸಿದಳು. ಕೊನೆಗೆ ಕಾರ್ಡನ್ನೇ ಬಿಚ್ಚಿಕೊಂಡು ಹೋಗಿ ಎರಡು ದಿನ ಅಂಗಡಿಯಲ್ಲಿ ಓಡಿಸಿದಳು. ಒಂದು ಕಡೆಯೂ ಮುಗ್ಗರಿಸಲಿಲ್ಲ. ವಾಪಸು ತಂದು ಕೂರಿಸಿದರೆ ಮತ್ತೆ ಅದೇ ಕತೆ. ಪಕ್ಕದ ಜೆರಾಕ್ಸಿನವರು ದಿನಕ್ಕೆರಡು ಸಲ ವಿಚಾರಿಸತೊಡಗಿದರು, ಅವರ ಕನಿಕರದ ದನಿ ಕೇಳಿದರೇ ಅವಳಿಗೆ ಮೈಯುರಿಯುತ್ತಿತ್ತು.

ಮೂರನೆಯ ಸಲ ಹೋದಾಗ ಗುರುಬಸವರಾಜನ ರಜೆಯ ದಿನ, ಮಧ್ಯಾಹ್ನ. ಸುಧಾ ಅವಲಕ್ಕಿ ಕೊಟ್ಟಳು, ಸುಚಿತ್ರಾ ತಟ್ಟೆಯನ್ನು ಪಕ್ಕಕ್ಕಿಟ್ಟಳು. ಗುರುಬಸವರಾಜ್ ಕೂಗಾಡುವವನಲ್ಲ. ಅದೇ ಅವಳಿಗೆ ಹೆಚ್ಚು ಕಷ್ಟವಾಗಿತ್ತು.

"ನಿನ್ ಮ್ಯಾಲೆ ಸಿಟ್ಟಿಲ್ಲ ಕಣವ್ವ," ಎಂದ ಅವನು. "ಬಸ್ಸಾಗೆ ಇಪ್ಪತ್ತಾರು ವರ್ಷ ಎಡಕ್ಕೆ ಒಂದು ನಾಯಿಗೂ ತಾಗ್ಸಿಲ್ಲ ನಾನು. ಇಲ್ಲಿ ತಾಗ್ತೈತೆ ಅಂದ್ರೆ ಮಿಷನ್ನೇ ಸರಿಯಿಲ್ಲ ಅಂತ ತಾನೆ? ಕಾರ್ಡು ಹಳೇದು. ಮಾತು ಕೊಟ್ಟಿದೀಯಾ, ವಾಪಸ್ ತಗೊಂಡ್ಬಿಡು."

ಒಂದೇ ಒಂದು ಸಲ ನೋಡುತ್ತೇನೆ ಎಂದಳು. ಎಡಗಡೆಯ ಪರದೆಯನ್ನು ಕಿತ್ತು ಬಲಕ್ಕಿಟ್ಟಳು, ಬಲಗಡೆಯದನ್ನು ಎಡಕ್ಕೆ. ದೋಷ ಪರದೆಯದಾಗಿದ್ದರೆ ಈಗ ಅದೂ ಬಲಕ್ಕೆ ಹೋಗಬೇಕು. ರಿಪೇರಿಯವರ ಕ್ರಮವೇ ಅದು, ಒಂದೊಂದಾಗಿ ಬದಲಿಸುತ್ತ ಹೋಗುವುದು, ದೋಷ ಯಾವುದರ ಬೆನ್ನು ಹತ್ತಿ ಹೋಗುತ್ತದೆಯೋ ನೋಡುವುದು. ಗುರುಬಸವರಾಜ್ ಓಡಿಸಿದ. ಎಡಗಡೆಯ ಬೇಲಿ ಮುರಿಯಿತು. ಬಲಗಡೆ ಚೊಕ್ಕಟ.

ಸುಚಿತ್ರಾ ಸುಧಾಳನ್ನು ಕೂರಲು ಹೇಳಿದಳು. ಸುಧಾ ನಾಚಿ, ನನಗೇನು ಬರುತ್ತದೆ ಎಂದು ನಕ್ಕು, ಕೊನೆಗೆ ಕೂತಳು. ಬಸ್ಸು ಕುಡಿದವರ ಹಾಗೆ ಹೋಯಿತು. ಆದರೆ ಎಡಪರದೆಯ ತುದಿಯಲ್ಲಿ ಒಂದು ದನ ಕಾಣಿಸಿದ್ದೇ, ಅದು ರಸ್ತೆಗೆ ಬರುವ ಎಷ್ಟೋ ಮೊದಲೇ, ಅವಳು ಅಯ್ಯೋ ಎಂದು ಎರಡೂ ಕಾಲಲ್ಲಿ ಬ್ರೇಕು ತುಳಿದಳು.

ತಂತಿ ಬದಲಾಗಿತ್ತು, ಕಿಂಡಿ ಬದಲಾಗಿತ್ತು, ಪರದೆ ಬದಲಾಗಿತ್ತು. ಈಗ ಕೂತವರೂ ಬದಲಾದರು, ದೋಷ ಹೋಯಿತು. ತನಗೆ ಹೊಳೆದದ್ದು ಸುಳ್ಳಾಗಲಿ ಎಂದು ಸುಚಿತ್ರಾ ಮನಸ್ಸಿನಲ್ಲೇ ಬೇಡಿಕೊಂಡಳು.

ಆಟ ನಿಲ್ಲಿಸಿ ಮೂರೂ ಪರದೆಯನ್ನು ಕಪ್ಪು ಮಾಡಿದಳು. ಮೌಸಿನ ಬಾಣವನ್ನು ಎಷ್ಟು ದೊಡ್ಡದು ಮಾಡಲು ಬರುತ್ತದೋ ಅಷ್ಟು ದೊಡ್ಡದು ಮಾಡಿ ಬಿಳಿ ಬಣ್ಣ ಕೊಟ್ಟಳು. ನಡುವಿನ ಚೌಕಟ್ಟಿನ ಮೇಲಿನ ವಿಭೂತಿಯನ್ನೇ ನೋಡುತ್ತಿರಿ, ತಲೆ ತಿರುಗಿಸಬೇಡಿ, ಬಾಣ ಕಂಡಾಗ ಹೇಳಿ ಎಂದಳು. ಬಲಗಡೆಯ ತುದಿಯಿಂದ ಬಾಣ ಹೊರಟಿತು. ಹೊರಟಿದ್ದೇ ತಡ, ಬಂತು ಎಂದ. ಇನ್ನೊಮ್ಮೆ ಹಾಗೇ ಮಾಡಿದಳು, ಇನ್ನೊಮ್ಮೆಯೂ ಬಂತು ಎಂದ. ಆಮೇಲೆ ಎಡಗಡೆಯ ತುದಿಯಿಂದ ಹೊರಡಿಸಿದಳು. ಬಿಳಿ ಬಾಣ ಮೆಲ್ಲಗೆ ಇಡೀ ಎಡಪರದೆ ದಾಟಿತು. ಸುಧಾಗೆ ಕಾಣುತ್ತಿತ್ತು, ಅವಳ ಕಣ್ಣು ಅದರ ಹಿಂದೆಯೇ ಬರುತ್ತಿತ್ತು. ಬಾಣ ನಡುವಿನ ಪರದೆಯೊಳಗೂ ಕಾಲಿಟ್ಟಿತು. ಗುರುಬಸವರಾಜ್ ವಿಭೂತಿಯ ಮೇಲಿನ ದೃಷ್ಟಿ ಕದಲಿಸದೆ ಕೂತಿದ್ದ.

"ಶುರು ಮಾಡವ್ವ," ಎಂದ. "ಯಾಕೆ ಸುಮ್ನೆ ನಿಂತೆ?"

ಸುಧಾ ಬಾಯಿಗೆ ಸೆರಗು ಒತ್ತಿಕೊಂಡಳು.

ನಿಜ ಹೇಳಬೇಕೆಂದರೆ ಸುಚಿತ್ರಾಗೆ ಮೊದಲು ಬಂದದ್ದು ಸಮಾಧಾನ. ಕಾರ್ಡು ಸರಿಯಿದೆ, ಅಂಗಡಿ ಉಳಿಯಿತು. ಒಂದು ಉಸಿರಿನಷ್ಟು ಹೊತ್ತು ಅದು ಇತ್ತು, ಅಷ್ಟರಲ್ಲಿ ನಾಳೆ ಬೆಳಿಗ್ಗೆ ಆರೂಕಾಲರ ಬಸ್ಸು ನೆನಪಾಯಿತು. ಆ ಬಸ್ಸಿನಲ್ಲಿ ಅವಳೂ ಹೋಗಿದ್ದಳು. ಶಾಲೆಯ ಮಕ್ಕಳು ಬಾನೆಟ್ಟಿನ ತನಕ ತುಂಬಿಕೊಂಡಿರುತ್ತಿದ್ದರು. ಎಡಗಡೆ ರಸ್ತೆಯ ಅಂಚಿನಲ್ಲಿ ಉದ್ದಕ್ಕೂ ಜನ ನಡೆಯುತ್ತಿದ್ದರು. ತನಗೆ ಸಮಾಧಾನವಾಗಿದ್ದನ್ನು ನೆನೆದು ಅವಳಿಗೆ ಅಸಹ್ಯವಾಯಿತು.

ಹೇಳಲೇಬೇಕಿತ್ತು, ಹೇಳಿದಳು. ಎಡಕ್ಕೆ ನಿಮಗೆ ಕಾಣುತ್ತಿಲ್ಲ ಗುರಣ್ಣ, ದೋಷ ಮಿಷನ್ನಿನದಲ್ಲ ಎಂದಳು. ಅವನು ನಕ್ಕ. ಎಡಕ್ಕೆ ತಿರುಗಿ ಪರದೆ ನೋಡಿದ, ಎಲ್ಲ ಕಾಣುತ್ತಿದೆಯಲ್ಲ ಎಂದ. ತಿರುಗಿದರೆ ಕಾಣುತ್ತದೆ, ತಿರುಗದಿದ್ದರೆ ಇಲ್ಲ, ಅದಕ್ಕೇ ನಿಮಗೆ ಗೊತ್ತಾಗಿಲ್ಲ ಎಂದಳು. ಬಾಣವನ್ನು ಇನ್ನೆರಡು ಸಲ ಬಿಡು ಎಂದು ಅವನೇ ಹೇಳಿದ. ಎರಡು ಸಲವೂ ಅವನು ಬಂತು ಎನ್ನುವ ಹೊತ್ತಿಗೆ ಅದು ವಿಭೂತಿಯ ಹತ್ತಿರ ಹತ್ತಿರ ಬಂದಿತ್ತು. ಎರಡನೆಯ ಸಲದ ನಂತರ ಅವನು ನಗಲಿಲ್ಲ. ಒಂದು ಕಣ್ಣು ಮುಚ್ಚಿ ನೋಡಿದ, ಇನ್ನೊಂದನ್ನು ಮುಚ್ಚಿ ನೋಡಿದ.

"ಮತ್ತೆ ಬಸ್ಸಾಗೆ ಹೆಂಗೆ?" ಎಂದ. ಯಾರನ್ನು ಕೇಳಿದನೋ ಗೊತ್ತಾಗಲಿಲ್ಲ. "ಬಸ್ಸಾಗೆ ಒಂದಿನಾನೂ ಹಿಂಗಾಗಿಲ್ಲ."

ಮಾರುತೇಶನ ಮನೆ ಹಿಂದಿನ ಬೀದಿ. ಕರೆ ಹೋದ ಐದು ನಿಮಿಷಕ್ಕೆ ಬಂದ, ಬೆಟ್ಟ ಹತ್ತುವುದು ಎಲ್ಲಿಗೆ ಬಂತು ಎಂದು ತಮಾಷೆ ಮಾಡುತ್ತಲೇ ಬಂದ. ಒಳಗಿನವರ ಮುಖ ನೋಡಿ ಹೊಸ್ತಿಲಲ್ಲೇ ನಿಂತ. ಗುರುಬಸವರಾಜ್ ಕುರ್ಚಿಯಿಂದ ಏಳದೆ ಕೇಳಿದ, ನನಗೆ ಎಡಗಡೆ ಕಾಣುವುದಿಲ್ಲವಂತೆ, ಬಸ್ಸಿನಲ್ಲಿ ನಿನಗೆ ಯಾವತ್ತಾದರೂ ಹಾಗನ್ನಿಸಿತ್ತೇ ಎಂದು.

ಮಾರುತೇಶ್ ಚಪ್ಪಲಿ ಬಿಟ್ಟ. ಆದರೂ ಒಳಗೆ ಬರಲಿಲ್ಲ.

"ಗೊತ್ತಿತ್ತಣ್ಣ," ಎಂದ.

ಸುಧಾ ಗೋಡೆಗೆ ಒರಗಿ ಕೆಳಗೆ ಕೂತಳು. ಸುಚಿತ್ರಾಗೆ ತಾನು ಕೇಳಿದ್ದು ನಿಜವೇ ಎಂಬುದೇ ತಿಳಿಯಲಿಲ್ಲ. ಗೊತ್ತಿತ್ತು ಎಂದರೆ ಏನರ್ಥ? ಅರವತ್ತು ಜನರನ್ನು ತುಂಬಿಕೊಂಡು ದಿನಕ್ಕೆ ನಾಲ್ಕು ಟ್ರಿಪ್ಪು, ಗೊತ್ತಿದ್ದೂ?

"ಆಷಾಢದಾಗೆ ಸವಳಂಗದ ಹತ್ರ ಎಡಕ್ಕೆ ಏನೋ ತಾಗ್ತು ಅಂತ ನೀನು ಕೇಳಿದ್ದೆ," ಎಂದ ಮಾರುತೇಶ್. "ಮರದ ಟೊಂಗೆ ಅಂದೆ ನಾನು. ಟೊಂಗೆ ಅಲ್ಲಣ್ಣ, ಸೈಕಲ್ಲು. ಸ್ಕೂಲಿಗೆ ಹೋಗೋ ಹುಡುಗಿ. ಹ್ಯಾಂಡ್ಲಿಗೆ ಸವರ್ತು, ಚರಂಡಿಗೆ ಬಿದ್ಲು."

"ಹುಡುಗಿ?"

"ಎದ್ದು ನಿಂತ್ಕಂಡ್ಲು. ಲಂಗದ ಕೆಸರು ಒದರ್ತಿದ್ಲು. ತಿರುವು ಬರೋತನಕ ನೋಡಿದೀನಿ, ಆಣೆ ಮಾಡಿ ಹೇಳ್ತೀನಿ."

ಆಮೇಲೆ ಅವನು ಹೇಳಿದ್ದನ್ನು ಕೇಳಲು ಆಗುತ್ತಿರಲಿಲ್ಲ, ಕೇಳದಿರಲೂ ಆಗುತ್ತಿರಲಿಲ್ಲ. ಅವತ್ತಿನಿಂದ ಅವನು ಸೀಟಿನ ಮೇಲೆ ಕೂತಿಲ್ಲ. ಮಳೆಯಲ್ಲೂ ಮೆಟ್ಟಿಲ ಮೇಲೆಯೇ ನಿಂತ. ಮೊದಲು ಹತ್ತು ಸಲ ತಟ್ಟುತ್ತಿದ್ದ ಕಡೆ ಐವತ್ತು ಸಲ ತಟ್ಟಿದ. ಅಂಗೈ ಚರ್ಮ ದಪ್ಪವಾಗಿದ್ದನ್ನು ಚಾಚಿ ತೋರಿಸಿದ. ಹೇಳಿದರೆ ನಿನ್ನ ಸೀಟು ಹೋಗುತ್ತದೆ, ಸೀಟು ಹೋದರೆ ನೀನು ಉಳಿಯುವುದಿಲ್ಲ, ನಾನಿದ್ದೇನಲ್ಲ, ನಾನು ನೋಡಿಕೊಂಡರೆ ಸಾಕು ಅಂದುಕೊಂಡೆ ಎಂದ. ಅವನು ಅಳುತ್ತಿದ್ದ. ಸುಚಿತ್ರಾಗೆ ಅವನ ಮೇಲೆ ಸಿಟ್ಟೂ ಬಂತು, ಅವನನ್ನು ನೋಡಿ ಕರುಳೂ ಚುರ್‍ರೆಂದಿತು.

ಗುರುಬಸವರಾಜ್ ಅವನ ಅಂಗೈಯನ್ನೇ ನೋಡುತ್ತಿದ್ದ. ಏನನ್ನೋ ನೆನಪು ಮಾಡಿಕೊಳ್ಳುತ್ತಿದ್ದಂತಿತ್ತು.

"ಕಾರ್ತೀಕದಾಗೆ ನೀನು ನಾಲ್ಕು ದಿನ ರಜಾ ಹಾಕಿದ್ದೆ," ಎಂದ ಕೊನೆಗೆ. "ತಂಗಿ ಮದ್ವೆಗೆ."

"ಹೂಂ ಅಣ್ಣ."

"ಆ ನಾಲ್ಕು ದಿನ ಬಾಗ್ಲಾಗೆ ಯಾರಿದ್ರು?"

ಬದಲಿಗೆ ಬಂದ ಕಂಡಕ್ಟರು ಟಿಕೆಟ್ ಹರಿದು ಹಿಂದಿನ ಸೀಟಿನಲ್ಲಿ ಕೂತಿರುತ್ತಿದ್ದ ಎಂಬುದು ಇಬ್ಬರಿಗೂ ಗೊತ್ತಿತ್ತು. ಆ ನಾಲ್ಕು ದಿನ ಏನೂ ಆಗಿರಲಿಲ್ಲ. ಆಗಬಾರದ್ದು ಆಗದೆ ಉಳಿದದ್ದು ಯಾರ ಜಾಣತನದಿಂದಲೂ ಅಲ್ಲ. ಗುರುಬಸವರಾಜನ ಮುಖದಲ್ಲಿ ಬೆವರು ಒಡೆದು ಕುತ್ತಿಗೆಗೆ ಇಳಿಯುತ್ತಿತ್ತು, ಅವನು ಒರೆಸಿಕೊಳ್ಳಲೂ ಇಲ್ಲ.

ಅವನು ಫೋನು ತೆಗೆದು ಬಸ್ಸಿನ ಮಾಲೀಕರಿಗೆ ಹಚ್ಚಿದ.

"ನಾಳೆಯಿಂದ ಬ್ಯಾರೆಯವ್ರನ್ನ ಕೂರ್ಸ್ರಿ ಸಾವ್ಕಾರ್ರೆ," ಎಂದ. "ಇಲ್ಲ, ಜ್ವರ ಅಲ್ಲ. ಎರಡು ದಿನಕ್ಕಲ್ಲ. ನನಗೆ ಎಡಗಡೆ ಕಾಣಲ್ಲ."

ಶಿವಮೊಗ್ಗದ ಡಾಕ್ಟರು ಕಣ್ಣು ಪರೀಕ್ಷೆ ಮಾಡಿ ಕಣ್ಣು ಚೆನ್ನಾಗಿದೆ ಎಂದಾಗ ಸುಧಾ ಕೈಮುಗಿದಳಂತೆ. ಆಮೇಲೆ ತಲೆಯ ಫೋಟೋ ತೆಗೆಸಿ, ಮಿದುಳಿನೊಳಗೆ ಯಾವತ್ತೋ ಒಂದು ಸಣ್ಣ ಜಾಗಕ್ಕೆ ರಕ್ತ ಹರಿಯುವುದು ನಿಂತು ಎಡಗಡೆಯ ನೋಟದ ಭಾಗ ಹೋಗಿದೆ ಎಂದರು. ಜಾತ್ರೆ ಟ್ರಿಪ್ಪುಗಳ ಕಾಲದಲ್ಲಿ ಎರಡು ದಿನ ತಲೆ ಸಿಡಿದದ್ದು, ಗುಳಿಗೆ ನುಂಗಿ ಬಸ್ಸು ಹತ್ತಿದ್ದು ಗುರುಬಸವರಾಜನಿಗೆ ನೆನಪಿತ್ತು. ಹೋದದ್ದು ಬರುವುದು ಕಷ್ಟ, ತಲೆ ತಿರುಗಿಸಿ ನೋಡುವ ಅಭ್ಯಾಸ ಮಾಡಿಕೊಳ್ಳಬೇಕು, ಇಲ್ಲವಾದರೆ ರಸ್ತೆ ದಾಟುವುದೂ ಅಪಾಯ ಎಂದರು. ಸವಳಂಗಕ್ಕೆ ಅವನೂ ಮಾರುತೇಶನೂ ಹೋಗಿ ಎರಡು ಶಾಲೆಗಳಲ್ಲಿ ವಿಚಾರಿಸಿದರು. ಆ ಹುಡುಗಿ ಯಾರೆಂದು ಗೊತ್ತಾಗಲಿಲ್ಲ. ಮಾಲೀಕರು ಮಾರುತೇಶನನ್ನು ಎರಡು ತಿಂಗಳು ಕೆಲಸದಿಂದ ಹೊರಗಿಟ್ಟರು, ಅದು ಕಡಿಮೆಯಾಯಿತು ಎಂದು ಅವನೇ ಹೇಳುತ್ತಿದ್ದ.

ಸುಚಿತ್ರಾ ಎಂಬತ್ತು ಸಾವಿರ ವಾಪಸು ಕೊಡಲು ಹೋದಳು. ಅಷ್ಟು ಹೊಂದಿಸಿರಲಿಲ್ಲ, ಮೊದಲ ಕಂತು ಅಂತ ಸ್ವಲ್ಪ ತಂದಿದ್ದಳು. ಬಸ್ಸು ಹೋದ ಮನುಷ್ಯನ ಮನೆಯಲ್ಲಿ ಮೂರು ಪರದೆಯ ಬಸ್ಸು ಇಟ್ಟುಕೊಂಡು ಏನು ಮಾಡುತ್ತಾರೆ ಎಂದು ಅವಳ ಯೋಚನೆ. ಗುರುಬಸವರಾಜ್ ಕವರನ್ನು ಅವಳ ಕಡೆಗೇ ಸರಿಸಿದ.

"ಮಿಷನ್ ಸರಿಯಾಗೈತಲ್ಲವ್ವ," ಎಂದ. "ವಾಪಸ್ ಯಾಕೆ?"

ಒಂದು ತಿಂಗಳಾದ ಮೇಲೆ ಕಾರ್ಡಿನ ಧೂಳು ಊದಲು ಅವಳು ಮತ್ತೆ ಹೋದಾಗ ಅವನು ಆಡುತ್ತಿದ್ದ. ಹಿಮದ ಬೆಟ್ಟವಲ್ಲ, ಯಾವುದೋ ಬಯಲುಸೀಮೆಯ ಊರು, ರಸ್ತೆಯ ತುಂಬ ಜನ. ಎಡಗಡೆ ಒಂದು ಸ್ಟೂಲು ಹಾಕಿಕೊಂಡು ಮಾರುತೇಶ್ ಕೂತಿದ್ದ. ಸುಚಿತ್ರಾ ಬಾಗಿಲಲ್ಲೇ ನಿಂತಳು. ಎಡಪರದೆಯ ತುದಿಯಲ್ಲಿ ಒಂದು ಸೈಕಲ್ ಕಾಣಿಸಿಕೊಂಡಿತು. ಮಾರುತೇಶನ ಅಂಗೈ ತಾನಾಗಿಯೇ ಮೇಜಿನ ಅಂಚಿಗೆ ಬಡಿಯಿತು. ಟಪ್ ಎಂದದ್ದೇ ಗುರುಬಸವರಾಜನ ಕಾಲು ಬ್ರೇಕಿನ ಮೇಲಿತ್ತು. ಸೈಕಲ್ ದಾಟಿ ಹೋಯಿತು.

ಗುರುಬಸವರಾಜ್ ಆಟ ನಿಲ್ಲಿಸಿದ.

"ಬಡೀಬ್ಯಾಡ ಮಾರುತೇಶ," ಎಂದ. ದನಿ ಏರಿರಲಿಲ್ಲ. "ನೀನು ಬಡೀತೀಯ ಅಂತಾನೆ ನಾನು ನೋಡೋದು ಬಿಟ್ಟಿದ್ದು. ಈಗ ನಾನು ತಿರುಗಿ ನೋಡ್ಬೇಕು. ತಪ್ಪಿದ್ರೆ ತಪ್ಲಿ, ಗುದ್ಲಿ. ಇಲ್ಲಿ ಯಾರೂ ಸಾಯಲ್ಲ."

ಮಾರುತೇಶ್ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತ. ಬಸ್ಸು ಹೊರಟಿತು. ಗುರುಬಸವರಾಜ್ ತಲೆಯನ್ನು ಪೂರ್ತಿ ಎಡಕ್ಕೆ ತಿರುಗಿಸಿದ, ಮುಂದೆ ನೋಡಿದ, ಬಲಕ್ಕೆ ನೋಡಿದ, ಮತ್ತೆ ಎಡಕ್ಕೆ ತಿರುಗಿಸಿದ. ನೂರು ಮಾರು ಹೋಗುವುದರಲ್ಲಿ ಎಂಟು ಹತ್ತು ಸಲ ತಿರುಗಿಸಿದ, ಕುತ್ತಿಗೆಯ ನರ ಎದ್ದು ಕಾಣುತ್ತಿತ್ತು. ಒಂದು ಗಳಿಗೆ ಮರೆತ. ಅಷ್ಟೇ ಹೊತ್ತಿಗೆ ಎಡಗಡೆಯ ಓಣಿಯಿಂದ ಒಬ್ಬ ಮುದುಕಿ ರಸ್ತೆಗಿಳಿದಳು, ಮಾರುತೇಶ್ ಕಣ್ಣು ಮುಚ್ಚಿಕೊಂಡ.

ಗುರುಬಸವರಾಜ್ ತಿರುಗಿ ನೋಡಿದ. ಬಸ್ಸು ಅವಳಿಗೆ ಒಂದು ಮೊಳ ಇರುವಾಗ ನಿಂತಿತು.

ಮುದುಕಿಯನ್ನು ಕಂಡೊಡನೆ ಬಾಗಿಲಿನ ಚೌಕಟ್ಟಿಗೆ ಬಡಿಯಲೆಂದು ಸುಚಿತ್ರಾ ಎತ್ತಿದ್ದ ತನ್ನ ಕೈಯನ್ನು ಕೆಳಗಿಳಿಸಿದಳು.